ಹಳೆಯ ಮನೆಯ ತಂತಿ



ಹಳೆಯ ಮನೆಯನ್ನು ಕುರಿತು ನಮ್ಮ ಭಾಷೆಯಲ್ಲಿ ಬಂದಿರುವ ಬರವಣಿಗೆ ಕಡಿಮೆಯೇನಲ್ಲ. ತೊಟ್ಟಿ, ಜಗಲಿ, ನಡುಮನೆಯ ಕಂಬ, ಅಟ್ಟದ ಏಣಿ, ಬಚ್ಚಲ ಹಂಡೆ ಎಲ್ಲವೂ ಕಥೆ ಕಾದಂಬರಿಗಳಲ್ಲಿ ತಮ್ಮ ಪಾಲಿನ ಮರ್ಯಾದೆಯನ್ನು ಪಡೆದಿವೆ. ಆದರೆ ಅದೇ ಕಂಬವನ್ನು ಬಳಸಿಕೊಂಡು, ಅದೇ ಜಂತೆಯ ಪಕ್ಕದಲ್ಲಿ ಮರದ ಪಟ್ಟಿಯ ಮೇಲೆ ಮಲಗಿ, ಐವತ್ತು ಅರುವತ್ತು ವರ್ಷಗಳಿಂದ ಬೆಳಕನ್ನು ಹೊತ್ತು ತರುತ್ತಿರುವ ವಿದ್ಯುತ್ ತಂತಿಯನ್ನು ಕಣ್ಣೆತ್ತಿ ನೋಡಿದವರು ವಿರಳ. ಕವಿಗೆ ಅದು ಬೇಡ. ಮನೆಯ ಯಜಮಾನನಿಗೂ ಬೇಡ. ದೀಪ ಹತ್ತುತ್ತದೆ, ಅಷ್ಟು ಸಾಕು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ತಂತಿಯನ್ನು ಕುರಿತು. ಹಳೆಯ ಮನೆಯ ವೈರಿಂಗನ್ನು ಬದಲಾಯಿಸಬೇಕೆ, ಬೇಡವೆ ಎಂಬುದನ್ನು ನಿರ್ಧರಿಸುವುದು ಹೇಗೆ? ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವವರು ಇದ್ದಾರು. ಮೇಷ್ಟರಿಗೂ ಒಂದು ಹಳೆಯ ಮನೆಯಿದೆ ಎಂಬುದೇ ಅದಕ್ಕೆ ಉತ್ತರ.

ನಮ್ಮ ಊರು ಬುಕ್ಕಾಂಬುಧಿ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಈಗ ಅಜ್ಜಂಪುರ ತಾಲ್ಲೂಕು. ಅಂಬುಧಿ ಎಂದರೆ ಕಡಲು. ಮಲೆನಾಡು ಮುಗಿದು ಬಯಲು ತೊಡಗುವ ಸೀಮೆಯ ಜನ ಕಡಲನ್ನು ಕಾಣದೆಯೇ ನೀರಿಗೆ ಅದರ ಹೆಸರನ್ನಿಟ್ಟರು. ನೆರೆಯ ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು ಶಾಂತಿಸಾಗರವೆಂದು ಕರೆಯುವುದೂ ಇದೇ ಧಾಟಿ. ಕೆರೆಯ ಮಾತನ್ನು ನಾನು ಸುಮ್ಮನೆ ಎತ್ತಲಿಲ್ಲ; ತಂತಿಯ ವ್ಯವಹಾರ ನನಗೆ ಅರ್ಥವಾದದ್ದು ಕೆರೆಯ ಭಾಷೆಯಲ್ಲಿಯೇ.

ಮೈಸೂರು ಸೀಮೆಗೆ ವಿದ್ಯುತ್ತು ಬಂದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಹಳ್ಳಿಗಳ ಪಾಳಿ ಬಹಳ ತಡವಾಗಿ ಬಂತು. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ತೊಡಗಿ, 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಏರ್ಪಟ್ಟು, 1960ರ ದಶಕದಲ್ಲಿ ಶರಾವತಿಯ ವಿದ್ಯುತ್ತು ಹರಿಯತೊಡಗಿದ ಮೇಲೆ ಕಂಬಗಳು ಹಳ್ಳಿಯ ಕಡೆಗೆ ಮುಖ ಮಾಡಿದವು. ನಮ್ಮ ಮನೆಗೆ ವೈರಿಂಗು ಆದದ್ದು 1969ರಲ್ಲಿ. ಸಾಗುವಾನಿಯ ತೆಳುವಾದ ಪಟ್ಟಿ, ಅದರ ಮೇಲೆ ಗೇಣಿಗೆರಡು ತಗಡಿನ ಕ್ಲಿಪ್ಪು, ಕ್ಲಿಪ್ಪಿನ ಒಳಗೆ ಜೋಡಿಯಾಗಿ ಓಡುವ ರಬ್ಬರು ಹೊದಿಕೆಯ ತಂತಿ, ಪಿಂಗಾಣಿಯ ಫ್ಯೂಸು, ಕರಿಯ ದುಂಡು ಸ್ವಿಚ್ಚು. ಇಡೀ ಮನೆಗೆ ಏಳು ದೀಪ. ಒಂದೊಂದೂ ನಲವತ್ತು ವ್ಯಾಟಿನ ಬಲ್ಬು. ಕೆಲಸ ಮಾಡಿದಾತ ಪಟ್ಟಿಯನ್ನು ಹೊಡೆದಿದ್ದ ಅಂದವನ್ನು ಈಗಲೂ ಮೆಚ್ಚಬೇಕು: ನೂಲು ಹಿಡಿದಂತೆ ನೇರ. ಮುಂದೆ 1984ರಲ್ಲಿ ಹಿಂಭಾಗದಲ್ಲಿ ಅಡುಗೆಮನೆ, ಬಚ್ಚಲು, ಒಂದು ಕೋಣೆ ಸೇರಿದಾಗ ಅಲ್ಯೂಮಿನಿಯಂ ತಂತಿಗೆ ಪಿ.ವಿ.ಸಿ. ಹೊದಿಕೆ ಇದ್ದದ್ದನ್ನು ಎಳೆದರು. ಆ ಕೆಲಸಕ್ಕೆ ಅಂದವಿಲ್ಲ. ಮೊಳೆಗೆ ಸಿಕ್ಕಲ್ಲಿ ಮೊಳೆ, ತಂತಿಗೆ ಸಿಕ್ಕಲ್ಲಿ ತಿರುವು.

ಇಂಥ ಮನೆಯ ಮುಂದೆ ನಿಂತಾಗ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಮನೆಯ ಹಿರಿಯರು, ಅಪ್ಪನ ಕಾಲದಿಂದ ಏನೂ ಆಗಿಲ್ಲ, ಈಗೇಕೆ ಎನ್ನುತ್ತಾರೆ. ಕೆಲಸ ಹಿಡಿಯಲು ಬಂದವನು, ಎಲ್ಲ ಹಳೆಯದು ಸ್ವಾಮಿ, ಪೂರ್ತಿ ತೆಗೆದುಹಾಕಿ ಎನ್ನುತ್ತಾನೆ. ಇಬ್ಬರೂ ವಯಸ್ಸನ್ನೇ ಪ್ರಮಾಣವಾಗಿ ಹಿಡಿದಿದ್ದಾರೆ. ಒಬ್ಬರಿಗೆ ವಯಸ್ಸು ಯೋಗ್ಯತಾಪತ್ರ, ಇನ್ನೊಬ್ಬನಿಗೆ ಅಪರಾಧ. ವಯಸ್ಸು ಅನುಮಾನಕ್ಕೆ ಕಾರಣವಾಗಬಹುದೇ ಹೊರತು ತೀರ್ಪಾಗಲಾರದು.

ತಂತಿಯೊಳಗಿನ ಲೋಹ ಅಷ್ಟು ಸುಲಭವಾಗಿ ಮುದಿಯಾಗುವುದಿಲ್ಲ. ಮುದಿಯಾಗುವುದು ಅದರ ಹೊದಿಕೆ. ರಬ್ಬರು ಶಾಖಕ್ಕೂ ಗಾಳಿಗೂ ಸಿಕ್ಕಿ, ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ತನ್ನ ಮೆದುವನ್ನು ಕಳೆದುಕೊಂಡು ಗರಿಗರಿಯಾಗುತ್ತದೆ. ಬಲ್ಬಿನ ಹೋಲ್ಡರಿನ ಹತ್ತಿರ, ಸದಾ ಬಿಸಿಯಿರುವ ಕಡೆ, ಇದು ಇನ್ನೂ ಬೇಗ. ಪಿ.ವಿ.ಸಿ.ಯ ಆಯುಸ್ಸು ಹೆಚ್ಚು. ಆದರೆ ಒಳಗಿನ ಲೋಹ ಎಪ್ಪತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ ಓಡುತ್ತಿದ್ದರೆ ಅದೂ ಗಡುಸಾಗಿ ಸೀಳುತ್ತದೆ. ಜೊತೆಗೆ ನಮ್ಮ ಹಳ್ಳಿಮನೆಗಳ ಅಟ್ಟ. ಅಲ್ಲಿ ಅಡಿಕೆಯ ಚೀಲ, ರಾಗಿಯ ಚೀಲ, ಚೀಲವಿದ್ದಲ್ಲಿ ಇಲಿ, ಇಲಿಗೆ ತಂತಿಯೆಂಬ ಭೇದವಿಲ್ಲ. ಮರದ ಪಟ್ಟಿಗೆ ಗೆದ್ದಲು. ಇವೆಲ್ಲದರ ಮೇಲೆ ಯುಗಾದಿಗೊಮ್ಮೆ ಗೋಡೆಗೆ ಸುಣ್ಣ ಬಳಿಯುವವನು ತಂತಿಗೂ ಒಂದು ಕೈ ಎಳೆದು ಹೋಗಿರುತ್ತಾನಾದ್ದರಿಂದ ಬಿರುಕು ಯಾವುದು, ಸುಣ್ಣದ ಗೆರೆ ಯಾವುದು ಎಂದು ಕಣ್ಣಿಗೆ ತಿಳಿಯುವ ಹಾಗಿಲ್ಲ.

ಎರಡನೆಯ ವಿಷಯ ಹೊರೆ. 1969ರ ನಮ್ಮ ಮನೆಯ ಏಳು ಬಲ್ಬುಗಳನ್ನೂ ಒಟ್ಟಿಗೆ ಹಚ್ಚಿದರೆ 280 ವ್ಯಾಟು. ಈಗಿನ 230 ವೋಲ್ಟಿನ ಲೆಕ್ಕಕ್ಕೆ ಸುಮಾರು 1.2 ಆಂಪಿಯರು. ಇಂದು ಅದೇ ಮನೆಯಲ್ಲಿ ಎರಡು ಸಾವಿರ ವ್ಯಾಟಿನ ಗೀಜರು, ಅಷ್ಟೇ ಬಲದ ಇಂಡಕ್ಷನ್ ಒಲೆ, ಸಾವಿರದ ಇಸ್ತ್ರಿಪೆಟ್ಟಿಗೆ, ಏಳುನೂರೈವತ್ತರ ಮಿಕ್ಸಿ. ಬೆಳಗಿನ ಹೊತ್ತು ಎಲ್ಲವೂ ಓಡಿದರೆ 25 ಆಂಪಿಯರು. ತಂತಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಪ್ಪತ್ತು ಪಟ್ಟು ಪ್ರವಾಹಕ್ಕೆ ನಾನೂರು ಪಟ್ಟು ಶಾಖ. ಒಳಗಿನ ಕವಲುಗಳು ಈ ಹೊರೆಯನ್ನು ಹಂಚಿಕೊಂಡಾವು. ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ಎರಡು ತಂತಿಗಳು ಮಾತ್ರ ಪೂರ್ತಿಯಾಗಿ ಹೊರಬೇಕು. ವಿಚಿತ್ರವೆಂದರೆ ದೀಪದ ತಂತಿಗೆ ಈಗ ಹೊರೆ ಇಳಿದಿದೆ. ಅರುವತ್ತು ವ್ಯಾಟಿನ ಬಲ್ಬಿದ್ದ ಜಾಗದಲ್ಲಿ ಒಂಬತ್ತು ವ್ಯಾಟಿನ ಎಲ್.ಇ.ಡಿ. ಉರಿಯುತ್ತಿದೆ. ಹಾಗಾಗಿ ಒಂದೇ ಮನೆಯಲ್ಲಿ ಒಂದು ತಂತಿಗೆ ವಿಶ್ರಾಂತಿ, ಇನ್ನೊಂದಕ್ಕೆ ನಾನೂರು ಪಟ್ಟು ದುಡಿಮೆ. ಹಿಂದೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದು ದೀಪದ ಸಂಪರ್ಕ ಕೊಡುತ್ತಿದ್ದರು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ ಇನ್ನೂರು ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತು ಪುಕ್ಕಟೆಯಾಯಿತು. ಬಿಲ್ಲಿನ ಭಯ ಕಡಿಮೆಯಾದದ್ದು ಒಳ್ಳೆಯದೇ. ಗೋಡೆಯ ಮೇಲಿನ ತಂತಿಗೆ ಮಾತ್ರ ಅದು ತಿಳಿಯದು.

ಇಲ್ಲಿ ಕೆರೆಯ ಮಾತು ಬರುತ್ತದೆ. ಕೆರೆಗೆ ಏರಿಯಿದೆ, ತೂಬಿದೆ, ಕೋಡಿಯಿದೆ. ಕೋಡಿಯೆಂದರೆ ಹೆಚ್ಚಾದ ನೀರು ತಾನಾಗಿ ಹೊರಬಿದ್ದು ಏರಿಯನ್ನು ಉಳಿಸುವ ದಾರಿ. ಇನ್ನಷ್ಟು ನೀರು ನಿಲ್ಲಲೆಂದು ಕೆಲವರು ರಾತ್ರಿ ಹೊತ್ತು ಕೋಡಿಗೆ ಮರಳಿನ ಮೂಟೆ ಒಡ್ಡುವುದುಂಟು. ಒಡ್ಡಿದವನಿಗೆ ನೀರು ಹೆಚ್ಚುತ್ತದೆ, ಏರಿಗೆ ಅಪಾಯ ಹೆಚ್ಚುತ್ತದೆ. ಮನೆಯಲ್ಲಿ ಫ್ಯೂಸು ಮಾಡುವ ಕೆಲಸ ಕೋಡಿಯದು. ಅದರ ತೆಳುವಾದ ಎಳೆ ತಂತಿಗಿಂತ ಮೊದಲು ಕರಗಿ ತಂತಿಯನ್ನು ಉಳಿಸಬೇಕು. ಅದು ಪದೇ ಪದೇ ಹೋಗುತ್ತದೆಂದು ಬೇಸತ್ತು, ಹರಿದ ವೈರಿನಿಂದ ನಾಲ್ಕು ತಾಮ್ರದ ಎಳೆ ಹಿರಿದು ಹೊಸೆದು ಕಟ್ಟುವವನು ಮರಳಿನ ಮೂಟೆ ಒಡ್ಡುವವನೇ. ಆಮೇಲೆ ಫ್ಯೂಸು ಹೋಗುವುದಿಲ್ಲ, ನಿಜ. ಹೋಗುವುದು ಗೋಡೆಯೊಳಗಿನ ತಂತಿ. ಹಳೆಯ ಮನೆಯನ್ನು ಪರೀಕ್ಷಿಸಹೊರಟವರು ಮೊದಲು ಮೇನನ್ನು ಆರಿಸಿ ಫ್ಯೂಸಿನ ಪಿಂಗಾಣಿಯನ್ನು ಎಳೆದು ನೋಡಲಿ. ಒಳಗೆ ಎಷ್ಟು ದಪ್ಪನೆಯ ತಂತಿಯಿದೆ ಎಂಬುದು ಆ ಮನೆಯ ವೈರಿಂಗಿನ ಇತಿಹಾಸವನ್ನು ಅರ್ಧ ಹೇಳಿಬಿಡುತ್ತದೆ. ಹಳೆಯ ಬೋರ್ಡುಗಳಲ್ಲಿ ಇನ್ನೊಂದು ತೊಡಕೂ ಇದೆ. ಫೇಸಿಗೊಂದು, ನ್ಯೂಟ್ರಲ್ಲಿಗೊಂದು ಎಂದು ಎರಡು ಫ್ಯೂಸು ಇಟ್ಟಿರುತ್ತಾರೆ. ನ್ಯೂಟ್ರಲ್ಲಿನ ಫ್ಯೂಸು ಹೋದರೆ ದೀಪ ಆರುತ್ತದೆ. ಕರೆಂಟಿಲ್ಲವೆಂದು ಭಾವಿಸಿ ಕೈಯಿಟ್ಟವನಿಗೆ ಫೇಸು ಅಲ್ಲಿಯೇ ಕಾದಿರುತ್ತದೆ.

ಮನೆಯವರು ತಾವೇ ಗಮನಿಸಬಹುದಾದ ಚಿಹ್ನೆಗಳಿವೆ. ಸ್ವಿಚ್ಚಿನ ಹಲಗೆ ಮುಟ್ಟಿದರೆ ಬೆಚ್ಚಗಿರುವುದು, ಪ್ಲಗ್ಗಿನ ತೂತಿನ ಸುತ್ತ ಕಂದು ಕಲೆ, ಸುಟ್ಟ ವಾಸನೆ, ಎಲ್ಲೋ ಗುಂಯ್ ಎನ್ನುವ ಸದ್ದು. ಮಿಕ್ಸಿ ತಿರುಗಿದೊಡನೆ ದೀಪ ಮಂಕಾದರೆ ನೆರೆಮನೆಯ ದೀಪವೂ ಮಂಕಾಯಿತೆ ಎಂದು ನೋಡಬೇಕು. ಆಗಿದ್ದರೆ ಅದು ಊರಿನ ಲೈನಿನ ದೋಷ. ಮೀಟರಿನಿಂದ ಆಚೆಗಿನದು ವಿದ್ಯುತ್ ಕಂಪನಿಯದು. ನಮ್ಮದು ಮಾತ್ರ ಮಂಕಾದರೆ ಎಲ್ಲೋ ಒಂದು ಗಂಟು ಸಡಿಲವಾಗಿದೆ. ಅಲ್ಯೂಮಿನಿಯಂ ತಂತಿಯಿದ್ದರೆ ಈ ಸಂಶಯ ಬಲವಾಗಬೇಕು. ಅದು ಮೆದುವಾದ ಲೋಹ. ತಿರುಪಿನ ಒತ್ತಡಕ್ಕೆ ಮೆಲ್ಲಗೆ ಜರುಗಿಕೊಳ್ಳುತ್ತದೆ, ಮೇಲೆ ವಿದ್ಯುತ್ತು ಹರಿಯಗೊಡದ ಒಂದು ಪೊರೆ ಕಟ್ಟುತ್ತದೆ, ಎರಡು ಸಲ ಬಾಗಿಸಿದರೆ ಮುರಿಯುತ್ತದೆ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅದರ ತಡೆ ಒಂದೂವರೆ ಪಟ್ಟಿಗೂ ಹೆಚ್ಚು.

ಇನ್ನು, ಮುಟ್ಟಿದರೆ ಜುಮ್ಮೆನ್ನುವುದು. ಈ ಚಿಹ್ನೆಯನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಚಿಹ್ನೆಯೆಂದು ಎಣಿಸುವುದೇ ಇಲ್ಲ.

ಅಣ್ಣ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಅತ್ತಿಗೆಯೊಬ್ಬರೇ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ಅವರು ಬಚ್ಚಲಿಗೆ ಹೋಗುವಾಗ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋಗುವುದನ್ನು ಕಂಡೆ. ಮಡಿ ಮೈಲಿಗೆಗಳಲ್ಲಿ ಬೆಳೆದ ಹೆಂಗಸು. ಚಪ್ಪಲಿ ಎಂದೂ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಕೇಳಿದರೆ, “ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ ಕಣಪ್ಪ” ಎಂದರು. ಎಷ್ಟು ದಿನದಿಂದ? “ಎರಡು ಮಳೆಗಾಲ ಆಯ್ತು.” ಬೇಸಗೆಯಲ್ಲಿ ಇರುವುದಿಲ್ಲವಂತೆ, ಮಳೆ ಹಿಡಿದು ಗೋಡೆ ನೆನೆದಾಗ ಶುರುವಾಗುತ್ತದಂತೆ. ರೋಗಲಕ್ಷಣವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಎಂಜಿನಿಯರೂ ಹೇಳಲಾರ. ರಬ್ಬರಿನ ಚಪ್ಪಲಿ ಕಾಲಿನಿಂದ ನೆಲಕ್ಕೆ ಹರಿಯುವ ದಾರಿಯನ್ನು ತಡೆಯುವುದೇನೋ ನಿಜ. ಆದರೆ ಒಂದು ಕೈ ನಲ್ಲಿಯ ಮೇಲಿದ್ದು ಇನ್ನೊಂದು ಕೈಯನ್ನು ಒದ್ದೆ ಗೋಡೆಗೆ ಊರಿದರೆ ಚಪ್ಪಲಿ ಏನು ಮಾಡೀತು? ದಾರಿ ಆಗ ಎದೆಯ ಮೂಲಕ.

ಹಳೆಯ ವಿದ್ಯಾರ್ಥಿಯೊಬ್ಬರು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಆಗಿದ್ದಾರೆ; ಅವರನ್ನು ಕರೆದುಕೊಂಡು ಹೋದೆ. ಆಷಾಢದಲ್ಲಿಯೇ ಹೋದದ್ದು. ಅವರದೇ ಸಲಹೆ: “ಬೇಸಗೆಯಲ್ಲಿ ಅಳೆದರೆ ಗೋಡೆ ಸುಳ್ಳು ಹೇಳುತ್ತೆ ಸಾರ್.” ಮಣ್ಣಿನ ಗೋಡೆಯ ಮನೆಗಳಲ್ಲಿ ಇದು ನೆನಪಿಡಬೇಕಾದ ಮಾತು. ಮೆಗ್ಗರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಮೇನನ್ನು ಆರಿಸಿ, ಬಲ್ಬುಗಳನ್ನೂ ಯಂತ್ರಗಳನ್ನೂ ಕಳಚಿ, ತಂತಿಗೆ ಐನೂರು ವೋಲ್ಟಿನ ಒತ್ತಡ ಕೊಟ್ಟು, ಹೊದಿಕೆಯ ಮೂಲಕ ಎಷ್ಟು ಸೋರುತ್ತದೆಂದು ನೋಡುವುದು. ಹೊದಿಕೆ ಗಟ್ಟಿಯಾಗಿದ್ದರೆ ಅದರ ತಡೆ ಮೆಗಾಓಮುಗಳಲ್ಲಿರುತ್ತದೆ. ಮೆಗಾಓಮ್ ಎಂದರೆ ಹತ್ತು ಲಕ್ಷ ಓಮ್. ಭಾರತೀಯ ಮಾನಕದ ಸೂತ್ರದ ಪ್ರಕಾರ ಐವತ್ತನ್ನು ದೀಪ, ಪ್ಲಗ್ಗು ಮೊದಲಾದ ಬಿಂದುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಮೆಗಾಓಮ್ ಇರಬೇಕು. ಇಡೀ ಮನೆಗೆ ಒಂದಕ್ಕಿಂತ ಹೆಚ್ಚನ್ನು ಒತ್ತಾಯಿಸುವಂತಿಲ್ಲ. ಸಾಮಾನ್ಯ ಮನೆಗೆ ಒಂದು ಎಂದು ನೆನಪಿಟ್ಟರೆ ಸಾಕು. ಈ ಪರೀಕ್ಷೆಗೆ ತಗಲುವುದು ಒಂದು ಗಳಿಗೆ. ಮದುವೆಗೆ ಜಾತಕ ನೋಡಲು ಮೂರು ದಿನ ಕೂರುವ ನಾವು ಇದನ್ನು ಒಮ್ಮೆಯೂ ಮಾಡಿಸುವುದಿಲ್ಲ.

ನಮ್ಮ ಮನೆಯಲ್ಲಿ ಅಡುಗೆಮನೆ ಬಚ್ಚಲುಗಳ ಪ್ಲಗ್ಗಿನ ಸಾಲು ತೋರಿಸಿದ್ದು 0.2. ಅದೇ 1984ರ ಭಾಗದ ದೀಪದ ಸಾಲು 4. ಆಶ್ಚರ್ಯವಾದದ್ದು ನಡುಮನೆ: 1969ರ ರಬ್ಬರು ತಂತಿ 6 ಮೆಗಾಓಮ್ ತೋರಿಸಿತು! ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ನೂಲು ಹಿಡಿದಂಥ ಪಟ್ಟಿಗಳನ್ನು ಉಳಿಸಿಕೊಳ್ಳಬಹುದಲ್ಲ ಎಂದುಕೊಂಡೆ. ವಿದ್ಯಾರ್ಥಿ ಮಾತನಾಡದೆ ಒಂದು ಹೋಲ್ಡರನ್ನು ಬಿಚ್ಚಿ, ಒಳಗಿನ ತಂತಿಯನ್ನು ಬೆರಳಿನಿಂದ ಒಂದಿಷ್ಟು ಬಾಗಿಸಿದರು. ಹೊದಿಕೆ ಸುಟ್ಟ ಹಪ್ಪಳದಂತೆ ಉದುರಿತು. ಅಲುಗಾಡದೆ ಬಿದ್ದಿರುವತನಕ ಅದು ಆರು ಮೆಗಾಓಮ್. ನಾಳೆ ಬಲ್ಬಿನ ಹೋಲ್ಡರು ಬದಲಿಸಲು ಯಾರಾದರೂ ಕೈಯಿಟ್ಟರೆ ಸೊನ್ನೆ. ಸಂಖ್ಯೆಯ ಜೊತೆಗೆ ಬೆರಳಿನ ಸಾಕ್ಷಿಯೂ ಬೇಕು ಎಂಬುದನ್ನು ಅಂದು ಕಂಡೆ. ಹೀಗೆ ಅಂದವಾದ ನಡುಮನೆಯ ಕೆಲಸ ಹೋಗಬೇಕಾಯಿತು. ಅಂದಗೆಟ್ಟ ಹಿಂಭಾಗದ ದೀಪದ ಸಾಲು ತಿರುಪುಗಳನ್ನು ಬಿಗಿಮಾಡಿಸಿಕೊಂಡು ಉಳಿಯಿತು.

ಜುಮ್ಮೆನ್ನುವುದರ ಮೂಲ ಬೇರೆ ಕಡೆ ಸಿಕ್ಕಿತು. ಬಚ್ಚಲ ಹಿಂಗೋಡೆಯಲ್ಲಿ ಅರ್ತಿಂಗಿನ ತಂತಿ ಭೂಮಿಗೆ ಇಳಿಯುತ್ತದೆ. ಸತುವಿನ ಲೇಪದ ಕಬ್ಬಿಣದ ತಂತಿ. ಮೇಲಿನಿಂದ ನೋಡಿದರೆ ಇದೆ. ಮಣ್ಣಿಗೆ ತಾಗುವಲ್ಲಿ ಹಿಡಿದೆಳೆದರೆ ತುಕ್ಕಿನ ಪುಡಿಯಾಗಿ ಕೈಗೆ ಬಂತು. ಗೀಜರಿನಿಂದ ಸೋರಿದ ವಿದ್ಯುತ್ತಿಗೆ ನೆಲ ಸೇರಲು ದಾರಿಯಿಲ್ಲದೆ, ನಲ್ಲಿಯನ್ನು ಹಿಡಿದವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತಿತ್ತು. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ ಪೈಪು ಇಳಿಸಿದ್ದಾಯಿತು.

ಆದರೆ ಅರ್ತಿಂಗ್ ಇದ್ದರೆ ಎಲ್ಲವೂ ಸರಿ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬೇಸಗೆಯಲ್ಲಿ ನಮ್ಮ ನೆಲ ಒಣಗಿದಾಗ ಗುಂಡಿಯ ತಡೆ ಇಪ್ಪತ್ತು ಓಮಿಗೆ ಏರಿತೆನ್ನಿ. 230ನ್ನು ಇಪ್ಪತ್ತರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರು. ಹದಿನಾರು ಆಂಪಿಯರಿನ ಫ್ಯೂಸು ಅದಕ್ಕೆ ಜಗ್ಗುವುದಿಲ್ಲ. ಗೀಜರಿನ ಮೈ ಜೀವಂತವಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಈಗ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಹಾಕುತ್ತಾರೆ. ತೂಬಿನಿಂದ ಹೊರಟ ನೀರು ಕಾಲುವೆಯ ಕೊನೆಯಲ್ಲಿ ಅಷ್ಟೇ ಇದೆಯೆ ಎಂದು ನೋಡುವ ನೀರಗಂಟಿಯ ಕೆಲಸ ಅದರದು. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಹಿಂದಿರುಗುವಾಗ ಮೂವತ್ತು ಮಿಲಿ ಆಂಪಿಯರಿನಷ್ಟು ಕೊರತೆ ಕಂಡರೂ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಎರಡೂ ತಂತಿಗಳನ್ನು ಎರಡು ಕೈಗಳಲ್ಲಿ ಹಿಡಿದವನನ್ನು ಅದು ಕಾಯಲಾರದು. ಹೊರೆ ಹೆಚ್ಚಾದದ್ದೂ ಅದಕ್ಕೆ ತಿಳಿಯದು. ಅದಕ್ಕೆ ಎಂ.ಸಿ.ಬಿ. ಬೇರೆಯಾಗಿ ಬೇಕು. ಹಳೆಯ ವೈರಿಂಗಿಗೆ ಈ ಸ್ವಿಚ್ಚನ್ನು ಜೋಡಿಸಿದಾಗ ಅದು ದಿನಕ್ಕೆ ನಾಲ್ಕು ಬಾರಿ ಬೀಳುವುದುಂಟು. ಆಗ ಸ್ವಿಚ್ಚೇ ಕೆಟ್ಟದ್ದೆಂದು ಅದನ್ನು ಬಳಸಿ ತಂತಿಯನ್ನು ನೇರವಾಗಿ ಜೋಡಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ವಾಸ್ತವವಾಗಿ ಆ ಸ್ವಿಚ್ಚು ಕೇಳದೆಯೇ ಪರೀಕ್ಷೆ ಮಾಡಿ ಕೊಟ್ಟ ವರದಿ ಅದು.

ತಂತಿಯ ತೀರ್ಮಾನ ಹೀಗೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಮನೆಯ ತೀರ್ಮಾನಕ್ಕೆ ಏಳು ತಿಂಗಳು ಹಿಡಿಯಿತು. ನಮ್ಮದು ಇನ್ನೂ ಪಾಲಾಗದ ಮನೆ. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ, “ಹಿಸ್ಸೆ ಆಗಲಿ ಅಣ್ಣ, ಯಾರ ಪಾಲಿಗೆ ಬರುತ್ತೋ ಅವರು ಮಾಡಿಸಿಕೊಳ್ಳಲಿ” ಎಂದ. ಲೋಕವ್ಯವಹಾರದಲ್ಲಿ ತಪ್ಪಿಲ್ಲದ ಮಾತು. ನಾಳೆ ಕೆಡವಬಹುದಾದ ಗೋಡೆಗೆ ಇಂದು ತಾಮ್ರವನ್ನು ಏಕೆ ಎಳೆಯಬೇಕು? ಅತ್ತಿಗೆಯೂ ಬೇಡವೆಂದರು. ತಮಗಾಗಿ ಖರ್ಚಾಗುವುದು ಅವರಿಗೆ ಸಂಕೋಚ. ಗೋಡೆ ಒಡೆಯುವುದು ಇನ್ನೂ ಕಷ್ಟ. ನಮ್ಮ ಸೀಮೆಯ ಎಷ್ಟೋ ಹಳೆಯ ಮನೆಗಳು ಹೀಗೆಯೇ ನಿಂತಿವೆ. ಹಣವಿಲ್ಲದೆ ಅಲ್ಲ, ಯಾರದೆಂದು ತೀರ್ಮಾನವಾಗದೆ. ಪಾಲಿನ ಪತ್ರ ಬರುವತನಕ ಮಾಡು ಸೋರಿದರೆ ಹೆಂಚು ಹೊದಿಸುತ್ತಾರೆ, ಏಕೆಂದರೆ ಸೋರುವುದು ಕಾಣುತ್ತದೆ. ತಂತಿಯ ಸೋರಿಕೆ ಕಾಣುವುದಿಲ್ಲ. ನಾನು ತಮ್ಮನಿಗೆ ಬೇರೇನೂ ವಾದಿಸಲಿಲ್ಲ. ಅತ್ತಿಗೆ ಚಪ್ಪಲಿ ಹಾಕಿಕೊಂಡು ಸ್ನಾನಕ್ಕೆ ಹೋಗುತ್ತಾರೆ ಎಂದಷ್ಟೇ ಹೇಳಿದೆ. ಅವನನ್ನು ಹತ್ತು ವರ್ಷ ಅದೇ ಬಚ್ಚಲಲ್ಲಿ ಎಣ್ಣೆ ಹಚ್ಚಿ ಮೀಯಿಸಿದವರು ಅವರು. ಮರುದಿನ ಅವನ ಪಾಲಿನ ಹಣ ಬಂತು.

ಗೋಡೆಯನ್ನೇನೂ ಒಡೆಯಬೇಕಾಗಲಿಲ್ಲ. ಮಣ್ಣಿನ ಗೋಡೆಯನ್ನು ಸೀಳಿ ಪೈಪು ಹುದುಗಿಸುವುದು ಪೇಟೆಯ ಚಪಲ. ಗೋಡೆಗೂ ಕೇಡು, ತೇವಕ್ಕೂ ಆಸರೆ. ಮೇಲ್ಮೈಯಲ್ಲೇ ಪ್ಲಾಸ್ಟಿಕ್ ಪಟ್ಟಿಯೊಳಗೆ ಓಡಿಸಿದರೆ ಕಣ್ಣಿಗೆ ಅಷ್ಟು ಸೊಗಸಿಲ್ಲದಿದ್ದರೂ ಮುಂದೆ ಬಿಚ್ಚಿ ನೋಡಲು ಅನುಕೂಲ. ಗೀಜರಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ಪ್ರತ್ಯೇಕ ಸಾಲು, ಅಡುಗೆಮನೆಗೆ ಎರಡೂವರೆಯದು, ಎರಡಕ್ಕೂ ಹಸಿರು ತಂತಿಯ ಅರ್ತಿಂಗು. ನಡುಮನೆಗೆ ಹೊಸ ತಂತಿ. ಮೇನ್ ಬೋರ್ಡು ಹೊಸದು. ಕೈಯಲ್ಲಿ ಅಷ್ಟು ಹಣವಿಲ್ಲದವರು ಬಚ್ಚಲು, ಅಡುಗೆಮನೆ, ಅರ್ತಿಂಗು, ಮೂವತ್ತು ಮಿಲಿ ಆಂಪಿಯರಿನ ಸ್ವಿಚ್ಚು ಇಷ್ಟನ್ನು ಮೊದಲು ಮಾಡಿಸಿಕೊಂಡು, ದೀಪದ ಸಾಲನ್ನು ಅದರ ಹೊದಿಕೆ ಗಟ್ಟಿಯಿದ್ದರೆ ಮುಂದಿನ ವರ್ಷಕ್ಕೆ ಬಿಡಬಹುದು. ರಬ್ಬರು ಹೊದಿಕೆಯದಾದರೆ ಬಿಡಬಾರದು.

ಇನ್ನೊಂದು ಕೆಲಸ ಉಳಿದಿದೆ. ಹೊರೆ ಹೆಚ್ಚಿದ್ದರಿಂದ ಮಂಜೂರಾದ ಲೋಡನ್ನೂ ಹೆಚ್ಚಿಸಿಕೊಳ್ಳಬೇಕು. ಅರ್ಜಿಗೆ ಗ್ರಾಹಕರ ಸಹಿ ಬೇಕು. ಆರ್.ಆರ್. ನಂಬರು ಇಂದಿಗೂ ನಮ್ಮ ತಂದೆಯ ಹೆಸರಿನಲ್ಲಿದೆ; ಅವರು ಹೋಗಿ ಮೂವತ್ತೊಂದು ವರ್ಷವಾಯಿತು. ಹೆಸರು ಬದಲಾವಣೆಗೆ ವಾರಸುದಾರರೆಲ್ಲರ ಒಪ್ಪಿಗೆಪತ್ರ ತಯಾರಾಗಿದ್ದು, ತಮ್ಮನದೂ ನನ್ನದೂ ಸಹಿಯಾಗಿದೆ. ಅತ್ತಿಗೆ ಒಳ್ಳೆಯ ದಿನ ನೋಡಿ ಹಾಕುತ್ತೇನೆ ಎಂದಿದ್ದಾರೆ.